ಆರನೇ ತೂತು

ಅಳತೆ ಮೇಷ್ಟ್ರು ಒಂದು ದಿನವೂ ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಶಾಲೆಯಲ್ಲಿ ಕೂತು ಪಾಠ ಕೇಳಿದ್ದೂ ಅಷ್ಟಕ್ಕಷ್ಟೇ. ಅವರು ಮಾಡುತ್ತಿದ್ದದ್ದು ಸೈಕಲ್ಲಿನ ಫ್ರೇಮು. ಅದೂ ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿ ಮಾರುವಂಥದ್ದಲ್ಲ. ದರ್ಜಿ ಅಂಗಿ ಹೊಲಿದ ಹಾಗೆ ಒಬ್ಬರ ಮೈಗೆ ಒಂದು. ವರ್ಷಕ್ಕೆ ಹೆಚ್ಚೆಂದರೆ ಹದಿನಾಲ್ಕೋ ಹದಿನೈದೋ. ಸೈಕಲ್ ಬೇಕು ಎಂದು ಹೋದವರನ್ನು ಕೂರಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಎಲ್ಲಿಗೆ ಹೋಗ್ತೀರಿ?" ಎಂದು ಕೇಳುತ್ತಿದ್ದರು. ಎಂಥ ಸೈಕಲ್ ಬೇಕು ಎಂದಲ್ಲ, ಯಾವ ಬಣ್ಣ ಎಂದೂ ಅಲ್ಲ. ಎಲ್ಲಿಗೆ ಹೋಗ್ತೀರಿ, ದಾರಿಯಲ್ಲಿ ಏರು ಎಷ್ಟಿದೆ, ಹೋಗುವಾಗ ಏನು ಹೊರೆ, ಬರುವಾಗ ಏನು ಹೊರೆ. ಉತ್ತರ ತಿಳಿಯದೆ ತಡವರಿಸಿದವರನ್ನು "ಒಂದು ವಾರ ಆ ದಾರೀಲಿ ನಡ್ಕೊಂಡು ಹೋಗಿ ನೋಡಿ, ಆಮೇಲೆ ಬನ್ನಿ" ಎಂದು ವಾಪಸು ಕಳಿಸುತ್ತಿದ್ದರು. ಬಂದವರಿಗೆಲ್ಲ ಹೀಗೆ ಮನೆಪಾಠ ಹಚ್ಚುವ ಮನುಷ್ಯನನ್ನು ಜನ ಮೇಷ್ಟ್ರು ಅನ್ನದೆ ಇನ್ನೇನೆಂದಾರು.

ಅವರ ಕಾರ್ಖಾನೆ ಎಂದರೆ ಅವರು ಹುಟ್ಟಿ ಬೆಳೆದ ಮನೆಯ ಮುಂದಿನ ಕೋಣೆ. ಕಿಟಕಿಯ ಕೆಳಗೆ ಉದ್ದದ ಮೇಜು, ಅದರ ಮೇಲೆ ಕೊಳವೆ ಕಚ್ಚಿ ಹಿಡಿಯುವ ಎರಡು ವೈಸು, ಮೂಲೆಯಲ್ಲಿ ಬೆಸುಗೆಯ ಗ್ಯಾಸು, ಗೋಡೆಗೆ ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ತೂಗುಹಾಕಿದ ಅರಗಳು. ಒಳಮನೆಗೆ ಹೋಗುವ ಬಾಗಿಲಿಗೆ ದಪ್ಪ ಮರದ ಚೌಕಟ್ಟು. ಬಂದವರು ಚಪ್ಪಲಿ ಬಿಟ್ಟು ಆ ಚೌಕಟ್ಟಿಗೆ ಬೆನ್ನು ಹಚ್ಚಿ ನಿಲ್ಲಬೇಕು. ಗಟ್ಟಿ ರಟ್ಟಿನ ಹಳೆಯ ಪುಸ್ತಕವೊಂದನ್ನು ಎರಡು ಕಾಲಿನ ನಡುವೆ ತಾವೇ ಮೇಲಕ್ಕೆ ಒತ್ತಿ ಹಿಡಿಯಬೇಕು. ಗಂಡಸರಾದರೆ ಮೇಷ್ಟ್ರು, ಹೆಂಗಸರಾದರೆ ಮೇಷ್ಟ್ರ ಹೆಂಡತಿ, ಹುರಿ ನೂಲಿನಲ್ಲಿ ಅಳೆಯುತ್ತಿದ್ದರು. ತುದಿಯಿಂದ ಮೊದಲ ಗಂಟಿನವರೆಗೆ ಕಾಲು, ಅಲ್ಲಿಂದ ಎರಡನೇ ಗಂಟಿನವರೆಗೆ ಬೆನ್ನು, ಉಳಿದದ್ದು ಕೈ. ಇಡೀ ಮನುಷ್ಯ ಒಂದು ನೂಲಿನಲ್ಲಿ ಮುಗಿದ. ನೂಲಿಗೊಂದು ಚೀಟಿ ಕಟ್ಟಿ ಮೊಳೆಗೆ ನೇತುಹಾಕುತ್ತಿದ್ದರು. ಚೀಟಿಯಲ್ಲಿ ಹೆಸರಿಲ್ಲ, "ಬೇಕರಿಯವರು", "ಗಡಿಯಾರ ರಿಪೇರಿ", "ಮೂಲೆಮನೆ ಹಿರೇಮಗಳು", ಇಷ್ಟೇ.

ಈ ವಿದ್ಯೆಯನ್ನು ಅವರಿಗೆ ಕಲಿಸಿದವಳು ಅಕ್ಕ. ತಾಯಿ ತೀರಿಕೊಂಡಾಗ ಮೇಷ್ಟ್ರಿಗೆ ಏಳು ವರ್ಷ, ಅಕ್ಕನಿಗೆ ಹದಿನೆಂಟು. ತಂದೆ ಲಾರಿ ಓಡಿಸುತ್ತಿದ್ದರು. ತಿಂಗಳಿಗೆ ಇಪ್ಪತ್ತು ದಿನ ರಸ್ತೆಯೇ ಮನೆ. ನರ್ಸ್ ಓದುತ್ತಲೇ ಅಕ್ಕ ತಮ್ಮನನ್ನು ಸಾಕಿದಳು. ವರ್ಷಕ್ಕೊಮ್ಮೆ, ಅವನು ಹುಟ್ಟಿದ ದಿನ, ಅದೇ ಬಾಗಿಲಿಗೆ ನಿಲ್ಲಿಸಿ, ತನ್ನ ದಪ್ಪ ಪಾಠಪುಸ್ತಕವನ್ನು ತಲೆಯ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದಳು. ಆ ಗೆರೆಗಳು ಇವತ್ತಿಗೂ ಎಡಗಡೆಯ ಮರದ ಮೇಲಿವೆ. ಹದಿನಾರನೇ ವಯಸ್ಸಿನ ಗೆರೆಯ ಪಕ್ಕದಲ್ಲಿ "ಸಮ" ಎಂದು ಅಕ್ಕನ ಕೈಬರಹವಿದೆ. ಆ ವರ್ಷ ಅವಳೂ ಪಕ್ಕಕ್ಕೆ ನಿಂತು ನೋಡಿದಾಗ ಇಬ್ಬರ ತಲೆಯೂ ಒಂದೇ ಮಟ್ಟಕ್ಕೆ ಬಂದಿತ್ತು. "ಇನ್ಮೇಲೆ ನಿನಗೆ ಹೊಡೀಬೇಕಾದ್ರೆ ಸ್ಟೂಲ್ ಹಾಕ್ಕೋಬೇಕು ಕಣೋ" ಎಂದು ನಕ್ಕಿದ್ದಳು. ಈಗ ಊರಿನವರೆಲ್ಲ ಕಾಲಿನ ನಡುವೆ ಹಿಡಿದು ನಿಲ್ಲುವ ಪುಸ್ತಕವೂ ಅದೇ, ಮನುಷ್ಯನ ಎಲುಬುಗಳ ಚಿತ್ರವಿದ್ದ ಅಕ್ಕನ ಪಾಠಪುಸ್ತಕ.

ನೂಲಿನ ಅಳತೆ ಮುಗಿದ ಮೇಲೆ ಅಳತೆಕುದುರೆ. ಅದು ಚಕ್ರವಿಲ್ಲದ, ನೆಲಕ್ಕೆ ಬಿಗಿದ ಕಬ್ಬಿಣದ ಸೈಕಲ್ಲು; ಮೇಷ್ಟ್ರೇ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಮಾಡಿಕೊಂಡದ್ದು. ಸೀಟು, ಹ್ಯಾಂಡಲ್ಲು ಎರಡನ್ನೂ ಹಿಂದೆ ಮುಂದೆ ಜರುಗಿಸಬಹುದು. ಪೆಡಲ್ ಸಿಕ್ಕಿಸುವ ಕಬ್ಬಿಣದ ಪಟ್ಟಿಗೆ ಐದು ತೂತು. ಉದ್ದ ಕಾಲಿನವರಿಗೆ ತುದಿಯ ತೂತು, ಗಿಡ್ಡ ಕಾಲಿನವರಿಗೆ ಒಳಗಿನದು. ಮಂಡಿ ಸರಿಯಾಗಿ ಮಡಚದವರಿಗೆ ಒಂದೊಂದೇ ತೂತು ಒಳಗೆ ತರುತ್ತಾ ಹೋದರೆ ಪೆಡಲ್ ಸುತ್ತುವ ವೃತ್ತ ಚಿಕ್ಕದಾಗುತ್ತದೆ, ಮಂಡಿಗೆ ಅಷ್ಟು ಮಡಚುವ ಕಷ್ಟವಿಲ್ಲ. ಐದನೇ ತೂತಿಗೂ ಮಂಡಿ ಒಪ್ಪದಿದ್ದರೆ ಮೇಷ್ಟ್ರು ಕೈ ಒರೆಸಿಕೊಂಡು, "ನಿಮಗೆ ಸೈಕಲ್ ಬೇಡ" ಎನ್ನುತ್ತಿದ್ದರು. ಆ ಮಾತಿಗೆ ಮೇಲ್ಮನವಿ ಇರಲಿಲ್ಲ. ಹನ್ನೆರಡು ವರ್ಷದ ಹಿಂದೆ ಕೋರ್ಟಿನ ಟೈಪಿಸ್ಟ್ ಒಬ್ಬರು ಹಾಗೆ ವಾಪಸು ಹೋಗಿದ್ದರು. ಜಗಳವಾಡದೆ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡು, "ತೊಂದರೆ ಕೊಟ್ಟೆ" ಎಂದು ಹೇಳಿ ಮೆಟ್ಟಿಲಿಳಿದರು. ಬೇಡವೆಂದು ಕಳಿಸಿದವರ ನೂಲುಗಳನ್ನು ಮೇಷ್ಟ್ರು ಎಸೆಯುತ್ತಿರಲಿಲ್ಲ, ಮೊಳೆಗೂ ಹಾಕುತ್ತಿರಲಿಲ್ಲ. ಮೇಜಿನ ಕೆಳಗೊಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದರು.

ಇನ್ನೊಂದು ಕಟ್ಟುನಿಟ್ಟು ಇತ್ತು. "ಮೂರು ವರ್ಷ ಆದ ನೂಲು ಸುಳ್ಳು ಹೇಳುತ್ತೆ" ಎನ್ನುತ್ತಿದ್ದರು. ಎಷ್ಟೇ ಹಳೆಯ ಗಿರಾಕಿ ಆಗಲಿ, ಹೊಸ ಸೈಕಲ್ ಬೇಕೆಂದರೆ ಹೊಸ ಅಳತೆ ಕೊಡಬೇಕು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಅವರು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಎದುರು ಸಾಲಿನ ದರ್ಜಿ ಅದನ್ನು ಕೇಳಿ ಕೇಳಿ ಬೇಸತ್ತು, "ಮೇಷ್ಟ್ರೇ, ನಿಮ್ಮ ಗಾದೆಗೂ ಮೂರು ವರ್ಷ ಆಯ್ತು, ಬದಲಾಯಿಸಿ" ಎಂದು ರೇಗಿಸುತ್ತಿದ್ದ.

ಇಂಥ ಮೇಷ್ಟ್ರ ಹತ್ತಿರ ಒಂದು ಬೆಳಿಗ್ಗೆ ಅಕ್ಕ ಬಂದಳು. ಅರವತ್ತೊಂಬತ್ತು ವರ್ಷ. ಮೂವತ್ತು ಚಿಲ್ಲರೆ ವರ್ಷ ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ ಗಾಯ ತೊಳೆದವಳು, ಇಂಜೆಕ್ಷನ್ ಕೊಟ್ಟವಳು, ಎಳೆಗೂಸುಗಳನ್ನು ತೂಗಿದವಳು. ಮದುವೆ ಬೇಡವೆಂದವಳು. ಯಾರ ಮುಂದೆಯೂ ಕೈ ಚಾಚಿ ಗೊತ್ತಿಲ್ಲದವಳು. ಹಿಂದಿನ ವರ್ಷ ತನ್ನ ಮನೆಯ ಮೆಟ್ಟಿಲಲ್ಲಿ ಜಾರಿ ಬಲಮಂಡಿ ಮುರಿದುಕೊಂಡು ಎರಡು ತಿಂಗಳು ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಹೇಗಿದೆ ಎಂದು ಕೇಳಿದರೆ "ಪೂರ್ತಿ ಸರಿಹೋಗಿದೆ" ಎನ್ನುತ್ತಿದ್ದಳು.

"ಪುಟ್ಟಾ, ನನಗೊಂದು ಸೈಕಲ್ ಮಾಡಿಕೊಡು" ಎಂದಳು. ಐವತ್ತೆಂಟರ ಮೇಷ್ಟ್ರನ್ನು ಪುಟ್ಟ ಎನ್ನುವವರು ಲೋಕದಲ್ಲಿ ಅವಳೊಬ್ಬಳೇ.

"ಹಳೇದಕ್ಕೆ ಏನಾಯ್ತು?"

"ಭಾರ ಆಗ್ಬಿಟ್ಟಿದೆ."

ಕಬ್ಬಿಣ ವರ್ಷಗಳು ಕಳೆದಂತೆ ಭಾರವಾಗುವುದಿಲ್ಲ ಎಂಬುದು ಮೇಷ್ಟ್ರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇರೆ ಯಾರಾದರೂ ಆ ಮಾತು ಆಡಿದ್ದರೆ, ಭಾರ ಆದದ್ದು ಸೈಕಲ್ಲೋ ಕಾಲೋ ಎಂದು ಅಲ್ಲೇ ಕೇಳುತ್ತಿದ್ದರು. ಅಂದು ಕೇಳಲಿಲ್ಲ. "ಅಳತೆ..." ಎಂದು ಮಾತು ತೆಗೆದರು.

"ನನ್ನ ಅಳತೆ ನಿನಗೆ ಗೊತ್ತಿಲ್ವೇನೋ? ಅಲ್ಲೇ ಗೋಡೆ ಮೇಲಿದೆಯಲ್ಲ" ಎಂದಳು ಅಕ್ಕ.

ಇತ್ತು. ಎಲ್ಲಕ್ಕಿಂತ ಮೇಲಿನ ಮೊಳೆಯಲ್ಲಿ, ಮೂವತ್ತನಾಲ್ಕು ವರ್ಷದಿಂದ. ಮೇಷ್ಟ್ರು ಕಟ್ಟಿದ ಮೊದಲ ಫ್ರೇಮು ಅವಳದು. ಮೊದಲ ನೂಲೂ ಅವಳದೇ. ಚೀಟಿಯಲ್ಲಿ "ಅಕ್ಕ" ಎಂದಷ್ಟೇ. ಮೇಷ್ಟ್ರು ತಲೆಯೆತ್ತಿ ಅದನ್ನು ನೋಡಿದರು, "ಹೌದು, ಇದೆಯಲ್ಲ" ಎಂದರು. ಇಬ್ಬರಿಗೂ ಒಳಗೊಳಗೇ ಹಾಯೆನಿಸಿತು. ಎಲ್ಲಿಗೆ ಹೋಗುತ್ತೀಯೆಂದೂ ಅವರು ಕೇಳಲಿಲ್ಲ. ಅಕ್ಕ ಎಲ್ಲಿಗೆ ಹೋಗುತ್ತಾಳೆ ಎಂದು ತಮ್ಮನಾದವನಿಗೆ ತಿಳಿಯದೇ? ದೀಪದ ಕೆಳಗೆ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮೂರು ವಾರ ಮೇಷ್ಟ್ರು ಬೇರೆ ಕೆಲಸ ಮುಟ್ಟಲಿಲ್ಲ. ಇದ್ದುದರಲ್ಲೇ ತೆಳ್ಳಗಿನ ಕೊಳವೆ ಆರಿಸಿದರು. ಒಂದು ಕೊಳವೆ ಇನ್ನೊಂದರ ಮೈಗೆ ಕೂರುವ ಕಡೆ ಬಾಯನ್ನು ಅರದಿಂದ ಉಜ್ಜಿ, ಬೆಳಕಿಗೆ ಹಿಡಿದು, ನಡುವೆ ಬೆಳಕಿನ ಎಳೆಯೂ ತೂರದಷ್ಟು ಹೊಂದಿಸಿದರು. ಹಿತ್ತಾಳೆ ಕರಗಿಸಿ ಬೆಸೆದರು. ಬೆಸುಗೆ ತಣಿದ ಮೇಲೆ ಮತ್ತೆ ಅರ, ಆಮೇಲೆ ಉಪ್ಪುಕಾಗದ. ಬೆರಳು ಆಡಿಸಿದರೆ ಎಲ್ಲಿ ಒಂದು ಕೊಳವೆ ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ಅಷ್ಟು ಚೆಂದದ ಕೆಲಸ ಅವರ ಕೈಯಿಂದಲೂ ಹಿಂದೆ ಬಂದಿರಲಿಲ್ಲ.

ಬಣ್ಣ ಹೊಡೆಯುವುದು ಹೆಂಡತಿಯ ಪಾಲು. ಹಿತ್ತಲಿನ ತಗಡಿನ ಕೋಣೆಯಲ್ಲಿ ಫ್ರೇಮನ್ನು ಕೊಕ್ಕೆಗೆ ನೇತುಹಾಕಿ ಸುತ್ತ ಒಂದು ಸಲ ನಡೆದು ನೋಡಿದಳು.

"ರೀ, ಅತ್ತಿಗೆ ಬಂದು ಅಳತೆ ಕೊಟ್ರಾ?"

"ನೂಲಿದೆಯಲ್ಲ."

"ಇದು ಅತ್ತಿಗೆಗೆ ದೊಡ್ಡದಾಗಲ್ವಾ?"

"ಅಕ್ಕನ ಅಳತೆ ನಿನಗೆ ಹೆಚ್ಚು ಗೊತ್ತೋ ನನಗೋ?"

ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದವಳಿಗೆ ಯಾವ ಮಾತಿಗೆ ಉತ್ತರ ಕೊಡಬಾರದೆಂದು ತಿಳಿದಿರುತ್ತದೆ. ಅವಳು ಅಕ್ಕ ಕೇಳಿದ್ದ ಹಸಿರು ಬಣ್ಣ, ಆಸ್ಪತ್ರೆಯ ಪರದೆಯ ಹಸಿರು, ಕಲೆಸಿ ಮೂರು ಕೈ ಹೊಡೆದಳು.

ಸೈಕಲ್ ಒಯ್ಯಲು ಬಂದ ದಿನ ಅಕ್ಕ ಅದರ ಹ್ಯಾಂಡಲ್ಲನ್ನು, ಸೀಟನ್ನು, ಬೆಲ್ಲನ್ನು ಮುಟ್ಟಿ ಮುಟ್ಟಿ ನೋಡಿದಳು. ಕಣ್ಣು ತುಂಬಿಬಂತು. "ಎಷ್ಟು ಹಗುರ ಮಾಡಿದ್ದೀಯೋ" ಎಂದಳು. ಹತ್ತಿ ನೋಡೆಂದರೆ, "ಈ ಬೀದೀಲಿ ಗಾಡಿ ಜಾಸ್ತಿ, ನಮ್ಮನೆ ಹತ್ರ ಹೋಗಿ ಹತ್ತುತ್ತೀನಿ" ಎಂದು ತಳ್ಳಿಕೊಂಡು ಹೋದಳು. ಮೇಷ್ಟ್ರು ಬಾಗಿಲಲ್ಲಿ ನಿಂತು ಅವಳು ತಿರುವು ದಾಟುವವರೆಗೂ ನೋಡಿದರು. ಆ ದಿನವೆಲ್ಲ ಅವರು ಖುಷಿಯಾಗಿದ್ದರು.

ಎರಡು ವಾರ ಕಳೆದಿರಬೇಕು. ದರ್ಜಿ ಬೆಳಗಿನ ಚಹಾದ ಲೋಟ ಹಿಡಿದು ಬಂದವನು ಹೇಳಿದ: "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಿಮ್ಮಕ್ಕ ದಿನಾ ಸೈಕಲ್ಲಿಗೆ ವಾಕಿಂಗ್ ಮಾಡಿಸ್ತಾರೆ, ಗೊತ್ತಾ?"

"ಅಂದ್ರೆ?"

"ನಾನು ಗುಂಡಿ ತರೋಕೆ ಸೇತುವೆ ಆ ಕಡೆ ಹೋಗ್ತೀನಲ್ಲ. ನಾಲ್ಕೈದು ಸಲ ನೋಡಿದೆ. ತಳ್ಕೊಂಡು ಹೋಗ್ತಾರೆ, ತಳ್ಕೊಂಡು ಬರ್ತಾರೆ. ಹತ್ತಿದ್ದನ್ನ ಒಂದು ದಿನವೂ ಕಾಣೆ."

ಮೇಷ್ಟ್ರಿಗೆ ರೇಗಿತು. ಸೂಜಿಗೆ ದಾರ ಪೋಣಿಸುವಾಗ ಮೂರು ಸಲ ತಪ್ಪುವ ನಿನ್ನ ಕಣ್ಣಿಗೆ ಸೇತುವೆ ಮೇಲಿನದು ಎಲ್ಲಿ ಕಂಡೀತು ಎಂದು ಗದರಿ ಕಳಿಸಿದರು. ಆದರೆ ಮಾರನೆಯ ಬೆಳಿಗ್ಗೆ ತಮ್ಮ ಸೈಕಲ್ ಮನೆಯಲ್ಲೇ ಬಿಟ್ಟು, ನಡೆದುಕೊಂಡು ಸೇತುವೆಗೆ ಹೋಗಿ, ಹಣ್ಣಿನ ಗಾಡಿಯ ಮರೆಯಲ್ಲಿ ನಿಂತರು.

ಅಕ್ಕ ಬಂದಳು. ಹಸಿರು ಸೈಕಲ್ಲಿನ ಮೇಲೆ ಮೈಭಾರ ಬಿಟ್ಟು ನಡೆಯುತ್ತಿದ್ದಳು. ಅದು ಅವಳಿಗೆ ಊರುಗೋಲಾಗಿತ್ತು. ಕ್ಯಾರಿಯರಿನಲ್ಲಿ ಬ್ಯಾಂಡೇಜಿನ ಹಳೆಯ ಚೀಲ. ಸೇತುವೆಯ ಏರಿನಲ್ಲಿ ಮೂರು ಕಡೆ ನಿಂತು ಉಸಿರು ತೆಗೆದುಕೊಂಡಳು. ಎದುರಿನಿಂದ ಪರಿಚಯದವರು ಯಾರೋ ಬಂದರು. ಕೂಡಲೇ ಅಕ್ಕ ಎಡಗಾಲನ್ನು ಪೆಡಲಿನ ಮೇಲಿಟ್ಟು, ಇನ್ನೇನು ಹತ್ತುವವಳಂತೆ ನಿಂತು, ನಗುತ್ತಾ ಮಾತಾಡಿದಳು. ಅವರು ದಾಟಿ ಹೋದ ಮೇಲೆ ಕಾಲು ಕೆಳಗಿಳಿಸಿ ಮತ್ತೆ ತಳ್ಳಿದಳು.

ಊರಿನವರ ನಡಿಗೆಯನ್ನೆಲ್ಲ ಕಿಟಕಿಯಿಂದಲೇ ನೋಡಿ ಇವನ ಸೊಂಟ ಎಡಕ್ಕಿದೆ, ಇವಳ ಹೆಗಲು ಬಲಕ್ಕಿದೆ ಎಂದು ಹೇಳುತ್ತಿದ್ದ ಮೇಷ್ಟ್ರ ಕಣ್ಣಿಗೆ ಈಗ ಎಲ್ಲವೂ ಒಮ್ಮೆಗೇ ಕಂಡಿತು. ಬೆನ್ನು ಬಾಗಿತ್ತು. ಬಲಗಾಲು ಕೋಲಿನಂತೆ ನೆಟ್ಟಗೆ ಬಂದು ಬೀಳುತ್ತಿತ್ತು. ಈ ಒಂದು ವರ್ಷದಲ್ಲಿ ತಾನು ಮನೆಗೆ ಹೋದಾಗಲೆಲ್ಲ ಅಕ್ಕ ಸ್ಟೂಲಿನ ಮೇಲೆ ಕಾಲು ಚಾಚಿಯೇ ಕೂತಿರುತ್ತಿದ್ದಳು; ಅದು ಆರಾಮಕ್ಕೆ ಎಂದುಕೊಂಡಿದ್ದರು. ನಾಚಿಕೆಯೂ ದುಃಖವೂ ಒಟ್ಟಿಗೆ ಬಂದು, ಅವಳ ಎದುರಿಗೆ ಹೋಗಲು ಧೈರ್ಯ ಸಾಲದೆ ಮೇಷ್ಟ್ರು ಹಾಗೇ ಹಿಂದಿರುಗಿದರು.

ಹೆಂಡತಿ ಎಲ್ಲ ಕೇಳಿದಳು. ನಾನಂದಿರಲಿಲ್ಲವೇ ಎಂದು ಒಂದು ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಇವತ್ತೇ ಹೋಗಿ ಕರ್ಕೊಂಡು ಬನ್ನಿ" ಎಂದಳು.

ಅಕ್ಕನ ಮನೆಯಲ್ಲಿ ಸೈಕಲ್ ನಡುಮನೆಯೊಳಗೇ ನಿಂತಿತ್ತು, ಮೇಲೊಂದು ಒಗೆದ ಪಂಚೆ ಹೊದೆಸಿ. ಮೇಷ್ಟ್ರು ಕೂರಲಿಲ್ಲ.

"ಅಕ್ಕಾ, ಸೇತುವೆ ಹತ್ರ ನೋಡಿದೆ."

ಅಕ್ಕ ಸೈಕಲ್ಲಿನ ಮೇಲಿನ ಪಂಚೆಯ ಅಂಚು ಎಳೆದು ಸರಿಮಾಡಿದಳು. "ನೀನು ಚೆನ್ನಾಗೇ ಮಾಡಿದ್ದೀಯ ಪುಟ್ಟಾ. ನಾನೇ ಚೆನ್ನಾಗಿಲ್ಲ."

"ಅಳತೆ ಕೊಡು. ಬೇರೆ ಮಾಡ್ತೀನಿ."

"ಬೇಡ."

"ಯಾಕೆ?"

"ಅಳತೆ ಕೊಟ್ರೆ ನೀನು ಸೈಕಲ್ ಬೇಡ ಅಂತೀಯ. ನೀನು ಬೇಡ ಅಂದ್ರೆ ಮುಗೀತು ಅಂತ ಊರಿಗೆಲ್ಲ ಗೊತ್ತು. ಹೀಗೆ ತಳ್ಕೊಂಡು ಹೋದ್ರೆ ಇವತ್ತಲ್ಲ ನಾಳೆ ಹತ್ತುತ್ತೀನಿ ಅಂತಾದ್ರೂ ಇರುತ್ತೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು; ತಮ್ಮನಿಗೂ ನೋವಾಗಬಾರದು, ತನ್ನ ಆಸೆಯೂ ಉಳಿಯಬೇಕು. ಅದಕ್ಕಾಗಿ ಎರಡು ವಾರ ಆ ಏರನ್ನು ತಳ್ಳಿ ಹತ್ತಿದ್ದಳು. ಮೇಷ್ಟ್ರಿಗೆ ಅಲ್ಲೇ ಇನ್ನೊಂದೂ ತಿಳಿಯಿತು. ಅಂದು ಮೇಲಿನ ಮೊಳೆಯ ನೂಲು ನೋಡಿ ತನಗೆ ಹಾಯೆನಿಸಿದ್ದೂ ಇದೇ ಭಯಕ್ಕೆ. ಅಳೆದರೆ ಅಕ್ಕನಿಗೂ ಆ ಮಾತು ಹೇಳಬೇಕಾದೀತೆಂದು ತಾವೂ ಹೆದರಿದ್ದರು.

ಅವರು ಕೆಳಗೆ ಕೂತರು. ತಮ್ಮನಾಗಿ ಅಲ್ಲ, ಮೇಷ್ಟ್ರಾಗಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳಿದರು: "ಎಲ್ಲಿಗೆ ಹೋಗ್ತೀಯ?"

ಅಕ್ಕ ಹೇಳಿದಳು. ಸೇತುವೆಯಾಚೆ ಅವಳ ಜೊತೆ ಕೆಲಸ ಮಾಡಿದ ಹಳೆಯ ನರ್ಸ್ ಒಬ್ಬಳಿದ್ದಾಳೆ. ಸಕ್ಕರೆ ಕಾಯಿಲೆ, ಪಾದದಲ್ಲಿ ಮಾಯದ ಗಾಯ. ದಿನ ಬಿಟ್ಟು ದಿನ ತೊಳೆದು ಕಟ್ಟಬೇಕು. ಆ ಕಡೆ ಬಸ್ಸಿಲ್ಲ. ಪಕ್ಕದ ಮನೆಯವರು ಕಾರಿನಲ್ಲಿ ಬಿಡುತ್ತೇವೆ ಎನ್ನುತ್ತಾರೆ, ಒಳ್ಳೆಯ ಜನವೇ. "ಆದ್ರೆ ಅವರು ಯಾವಾಗ ಹೊರಡ್ತಾರೋ ಅಂತ ಬಾಗಿಲ ಹತ್ರ ಚೀಲ ಹಿಡ್ಕೊಂಡು ಕೂತಿರ್ಬೇಕಲ್ಲೋ. ನನಗೆ ಹಾಗೆ ಕೂತು ಅಭ್ಯಾಸ ಇಲ್ಲ. ನನಗೆ ಬೇಕು ಅಂದಾಗ ಹೊರಡ್ಬೇಕು. ಅಷ್ಟೇ."

ಸಂಜೆ ಬಿಸಿಲು ಕಿಟಕಿಯಿಂದ ಒಳಗೆ ಬೀಳುವ ಹೊತ್ತಿಗೆ ಅಕ್ಕ ಆ ಹಳೆಯ ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದಳು. ಮೇಷ್ಟ್ರ ಹೆಂಡತಿ ಕಾಲು ಅಳೆದು ಮೊದಲ ಗಂಟು ಹಾಕಿದಳು. ಹಳೆಯ ನೂಲಿನ ಗಂಟಿನ ಪಕ್ಕ ಹಿಡಿದರೆ ಒಂದು ಕೂದಲೆಳೆಯೂ ವ್ಯತ್ಯಾಸವಿಲ್ಲ; ಕಾಲಿನ ಎಲುಬು ಕುಗ್ಗುವುದಿಲ್ಲ. ಕುಗ್ಗುವುದು ಬೆನ್ನು. ಎರಡನೇ ಗಂಟನ್ನು ಮೇಷ್ಟ್ರು ಹಾಕಿದರು, ಅದು ಹಳೆಯದಕ್ಕಿಂತ ನಾಲ್ಕು ಬೆರಳು ಹಿಂದೆ ಬಂತು. ಎಲುಬಿನ ಪುಸ್ತಕವನ್ನು ಅಕ್ಕನ ತಲೆಯ ಮೇಲಿಟ್ಟು ಎಡಗಡೆಯ ಮರವನ್ನು ನೋಡಿದರು. ಪುಸ್ತಕದ ಅಡಿ "ಸಮ" ಎಂದು ಬರೆದಲ್ಲಿಗೆ ಬಂದಿರಲಿಲ್ಲ. ಅದಕ್ಕೂ ಎರಡು ಗೆರೆ ಕೆಳಗೆ, ಅವರು ಹದಿನಾಲ್ಕರ ಹುಡುಗನಾಗಿದ್ದಾಗ ನಿಂತಲ್ಲಿಗೆ ಬಂದಿತ್ತು.

"ಎಷ್ಟಾಯ್ತೋ?" ಎಂದಳು ಅಕ್ಕ.

"ನನ್ನ ಹದಿನಾಲ್ಕಕ್ಕೆ ಬಂದಿದ್ದೀಯ."

"ಹಾಗಾದ್ರೆ ಇನ್ಮೇಲೆ ನೀನು ನನಗೆ ಹೊಡೀಬಹುದು" ಎಂದು ನಕ್ಕಳು. ಮೇಷ್ಟ್ರಿಗೆ ನಗು ಬರಲಿಲ್ಲ. ಅವರು ಮುಖ ಆ ಕಡೆ ತಿರುಗಿಸಿ ಪೆನ್ಸಿಲ್ ಹುಡುಕಿದರು.

ಆಮೇಲೆ ಅಳತೆಕುದುರೆ. ಸೀಟು ಮುಂದಕ್ಕೆ ತಂದರು, ಹ್ಯಾಂಡಲ್ ಎತ್ತರಿಸಿ ಹತ್ತಿರಕ್ಕೆ ಎಳೆದರು. ಬೆನ್ನಿಗೆ ಹಿತವಾಯಿತು. ಎಡಗಾಲಿಗೆ ಎರಡನೇ ತೂತೇ ಸಾಕಾಯಿತು. ಬಲಗಾಲಿಗೆ ಎರಡರಲ್ಲಿ ಪೆಡಲ್ ಅರ್ಧ ಮೇಲೆ ಬಂದು ನಿಂತಿತು. ಮೂರರಲ್ಲೂ ನಿಂತಿತು. ನಾಲ್ಕರಲ್ಲಿ ಇನ್ನೂ ಸ್ವಲ್ಪ ಮೇಲೆ ಬಂದು ನಿಂತಿತು. ಮೇಷ್ಟ್ರು ಸ್ಪ್ಯಾನರ್ ತೆಗೆದುಕೊಂಡು ಪೆಡಲನ್ನು ಐದನೆಯದಕ್ಕೆ ಹಾಕುವಾಗ ಹೆಂಡತಿ ಹತ್ತಿರ ಬಂದು ಪಟ್ಟಿಯನ್ನೇ ನೋಡಿದಳು.

ಐದರಲ್ಲಿ ಪೆಡಲ್ ಮೇಲಕ್ಕೆ ಬಂತು, ಬಂತು, ತುದಿ ದಾಟಲು ಎರಡು ಬೆರಳಿನಷ್ಟು ಇರುವಾಗ ಅಕ್ಕ ಹಲ್ಲು ಕಚ್ಚಿದಳು. ಮಂಡಿ ಮುಂದೆ ಮಡಚಲಿಲ್ಲ.

ಅಕ್ಕ ಎಡಗಾಲನ್ನು ನೆಲಕ್ಕೆ ಊರಿ ನಿಧಾನವಾಗಿ ಇಳಿಯಲು ಹೊರಟಳು. "ಆಯ್ತು ಬಿಡು ಪುಟ್ಟಾ. ಬೇರೆಯವರಿಗೆ ಏನು ಹೇಳ್ತೀಯೋ ನನಗೂ ಅದನ್ನೇ ಹೇಳು. ಅಕ್ಕ ಅಂತ ನ್ಯಾಯ ಬದಲಾಯಿಸ್ಬೇಡ."

ಮೇಷ್ಟ್ರು ಎಂದಿನಂತೆ ಕೈ ಒರೆಸಿಕೊಂಡರು. ಮೂವತ್ತನಾಲ್ಕು ವರ್ಷ ಸಲೀಸಾಗಿ ಆಡಿದ ಮಾತನ್ನು ಆಡದೆ, ಇನ್ನೊಂದು ಸಲ ಒರೆಸಿಕೊಂಡರು.

"ಅಲ್ಲಾ ರೀ, ಐದೇ ತೂತು ಯಾಕೆ?" ಎಂದಳು ಹೆಂಡತಿ.

"ಅಂದ್ರೆ?"

"ಪಟ್ಟಿ ಇನ್ನೂ ಇಷ್ಟುದ್ದ ಖಾಲಿ ಇದೆಯಲ್ಲ. ಆರನೇದು ಯಾಕೆ ಕೊರೀಲಿಲ್ಲ ಅಂದೆ."

ಮೇಷ್ಟ್ರು ಪಟ್ಟಿಯನ್ನು ನೋಡಿದರು. ಯಾಕೆ? ಅದಕ್ಕೊಂದು ಲೆಕ್ಕ ಇದ್ದೇ ಇರಬೇಕು ಎಂದು ಇಷ್ಟು ವರ್ಷ ನಂಬಿದ್ದರು. ಆರನೆಯದಾದರೆ ಕಾಲಿಗೆ ಬಲ ಸಿಗುವುದಿಲ್ಲ ಎಂದು ಯಾರಿಗೋ ಹೇಳಿದ್ದೂ ಉಂಟು. ಆದರೆ ನಿಜವಾದ ಕಾರಣ ಈಗ ನೆನಪಿಗೆ ಬಂತು. ಇಪ್ಪತ್ತನಾಲ್ಕರ ಹುಡುಗ, ಇದೇ ಕೋಣೆ, ಇದ್ದದ್ದು ಒಂದೇ ಬೈರಿಗೆ ಮೊನೆ. ಐದನೇ ತೂತು ಕೊರೆದು ಮುಗಿಯುವ ಹೊತ್ತಿಗೆ ಅದು ಮುರಿದಿತ್ತು. ಐದು ಸಾಕು ಬಿಡು ಎಂದು ಎದ್ದಿದ್ದರು. ಅಷ್ಟೇ. ಮುರಿದ ಮೊನೆಯೊಂದು ಮೂವತ್ತನಾಲ್ಕು ವರ್ಷ ಅವರ ಬಾಯಿಂದ ತೀರ್ಪು ಕೊಟ್ಟಿತ್ತು.

"ಇಳೀಬೇಡ ಅಕ್ಕಾ. ಅಲ್ಲೇ ಕೂತಿರು" ಎಂದರು.

ಪಟ್ಟಿ ಬಿಚ್ಚಿ ವೈಸಿಗೆ ಕಚ್ಚಿಸಿ ಆರನೇ ತೂತು ಕೊರೆದರು. ಪೆಡಲಿನ ತಿರುಪು ಕೂರುವಂತೆ ಒಳಗೆ ಸುತ್ತು ಕೊರೆದರು. ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅಕ್ಕ ಚಕ್ರವಿಲ್ಲದ ಸೈಕಲ್ಲಿನ ಮೇಲೆ ಕೂತು, ತಮ್ಮನ ಹೆಂಡತಿ ಕೊಟ್ಟ ಚಹಾ ಕುಡಿದಳು. ಮೇಷ್ಟ್ರು ಪಟ್ಟಿ ಮತ್ತೆ ಬಿಗಿದು, ಪೆಡಲ್ ಹಾಕಿ, ಪಕ್ಕಕ್ಕೆ ಸರಿದು ನಿಂತರು.

ಪೆಡಲ್ ಮೇಲಕ್ಕೆ ಬಂತು. ತುದಿಯಲ್ಲಿ ಒಂದು ಕ್ಷಣ ತಡೆಯಿತು. ಆಮೇಲೆ ದಾಟಿತು. ಇನ್ನೊಂದು ಸುತ್ತು ಬಂತು, ಮತ್ತೊಂದು ಬಂತು. ಅಕ್ಕ ಬೆಲ್ ಹುಡುಕುತ್ತಾ ಹ್ಯಾಂಡಲ್ ತಡವಿದಳು, ಅಳತೆಕುದುರೆಗೆ ಬೆಲ್ಲಿರಲಿಲ್ಲ. ಬಾಯಲ್ಲೇ "ಟ್ರಿಣ್ ಟ್ರಿಣ್" ಎಂದಳು. ಮೇಷ್ಟ್ರು ನಿಂತಲ್ಲೇ ಅತ್ತುಬಿಟ್ಟರು.

ಹಸಿರು ಫ್ರೇಮನ್ನು ಮರುದಿನವೇ ಗರಗಸಕ್ಕೆ ಕೊಟ್ಟರು. ಹಿಂದಿನ ತ್ರಿಕೋನ ಹಾಗೇ ಉಳಿಸಿ, ಮುಂದಿನ ಭಾಗ ಕತ್ತರಿಸಿ, ಮೇಲಿನ ಕೊಳವೆಯನ್ನು ಕಾಲು ಎತ್ತದೆ ದಾಟುವಷ್ಟು ತಗ್ಗಿಸಿ, ನಾಲ್ಕು ಬೆರಳು ಗಿಡ್ಡ ಮಾಡಿ ಮತ್ತೆ ಬೆಸೆದರು. ಬಲಗಡೆಯ ಪೆಡಲನ್ನು ಆರನೇ ತೂತಿನ ಅಳತೆಗೆ ಒಳಗೆ ಕೂರಿಸಿ, ಕಾಲಿನ ಬಲ ಕಡಿಮೆಯಾದದ್ದಕ್ಕೆ ಮುಂದಿನ ಹಲ್ಲುಚಕ್ರವನ್ನು ಚಿಕ್ಕದು ಮಾಡಿದರು. ಓಟ ಕಡಿಮೆಯಾಗುತ್ತದೆ, ಸೇತುವೆಯ ಏರು ಹತ್ತುತ್ತದೆ. "ಮೂರು ಕೈ ಬಣ್ಣ ಹೊಡೆದಿದ್ದೆ" ಎಂದು ಹೆಂಡತಿ ಗೊಣಗುತ್ತಲೇ ಮತ್ತೆ ಮೂರು ಕೈ ಹೊಡೆದಳು.

ಹದಿನೈದನೇ ದಿನ ಬೆಳಿಗ್ಗೆ ಅಕ್ಕ ಬಂದಳು. ಸೈಕಲ್ಲಿಗೆ ಚೀಲ ಕಟ್ಟಲು ದಾರ ಕೇಳಿದಳು. ಮೇಷ್ಟ್ರು ಮೇಲಿನ ಮೊಳೆಯಿಂದ ಹಳೆಯ ನೂಲನ್ನು ತೆಗೆದು, "ಅಕ್ಕ" ಎಂಬ ಚೀಟಿಯನ್ನು ಬಿಚ್ಚಿ ಹೊಸ ನೂಲಿಗೆ ಕಟ್ಟಿ, ಹಳೆಯದನ್ನು ಅವಳ ಕೈಗೆ ಕೊಟ್ಟರು. ಅವಳು ಅದರಲ್ಲೇ ಬ್ಯಾಂಡೇಜಿನ ಚೀಲವನ್ನು ಕ್ಯಾರಿಯರಿಗೆ ಬಿಗಿದಳು. ಈ ಸಲ ಗಾಡಿ ಜಾಸ್ತಿ ಎನ್ನಲಿಲ್ಲ. ಬೀದಿಯ ಮಧ್ಯದಲ್ಲೇ ಹತ್ತಿ, ಬೆಲ್ ಬಾರಿಸಿ, ದರ್ಜಿಯ ಅಂಗಡಿ ದಾಟಿ ಹೋದಳು. ದರ್ಜಿ ಎದ್ದು ನಿಂತು ಕತ್ತರಿ ಹಿಡಿದ ಕೈಯಲ್ಲೇ ಸಲಾಮು ಹೊಡೆದ. ಅಕ್ಕ ಹಿಂದಿರುಗಿ ನೋಡಲೇ ಇಲ್ಲ.

ಮೇಷ್ಟ್ರು ಒಳಗೆ ಬಂದು ಮೇಜಿನ ಕೆಳಗಿನ ಬಿಸ್ಕತ್ತಿನ ಡಬ್ಬಿ ಎಳೆದರು. ಒಂಬತ್ತು ನೂಲುಗಳಿದ್ದವು. ಮೂರು ಚೀಟಿಯವರು ಈಗ ಇಲ್ಲ ಎಂದು ಅವರಿಗೆ ಗೊತ್ತಿತ್ತು. ಅವುಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ "ಕೋರ್ಟಿನ ಟೈಪಿಸ್ಟ್" ಎಂದಿದ್ದ ನೂಲನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟರು.

ವಿಚಾರಿಸಿಕೊಂಡು ಹೋಗಿ ಬಾಗಿಲು ತಟ್ಟಿದಾಗ ಅವರೇ ತೆರೆದರು, ಒಂದು ಕೈಯಲ್ಲಿ ಊರುಗೋಲು.

"ಅಳತೆ ಮೇಷ್ಟ್ರಲ್ವಾ? ನೀವು ಇಲ್ಲಿ?"

"ನಿಮ್ಮ ಅಳತೆ ಇನ್ನೊಂದ್ಸಲ ತಗೋಬೇಕು ಅಂತ ಬಂದೆ. ಅವತ್ತು ತಪ್ಪಿದ್ದು ನಿಮ್ಮ ಮಂಡಿ ಅಲ್ಲ, ನನ್ನ ಕುದುರೆ."

ಟೈಪಿಸ್ಟ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಮೇಷ್ಟ್ರಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಗೊತ್ತಿದ್ದ ಒಂದೇ ಪ್ರಶ್ನೆ ಕೇಳಿದರು.

"ಎಲ್ಲಿಗೆ ಹೋಗ್ತೀರಿ?"

ಟೈಪಿಸ್ಟ್ ಕನ್ನಡಕ ಹಾಕಿಕೊಂಡು, ಬಾಗಿಲನ್ನು ಪೂರ್ತಿ ತೆರೆದು, ಪಕ್ಕಕ್ಕೆ ಸರಿದರು.

"ಒಳಗೆ ಬನ್ನಿ, ಕೂತ್ಕೊಳ್ಳಿ. ಹನ್ನೆರಡು ವರ್ಷದ್ದಿದೆ, ಹೇಳೋಕೆ ಸ್ವಲ್ಪ ಹೊತ್ತಾಗುತ್ತೆ."